ದೊಡ್ಡ ಬಾಜಾದ ಭಾರ

"ಕಾಕಾ, ಇದರಾಗ ಇಂಗ್ಲಿಷ್‌ನಾಗ ಏನೇನೋ ಬರದಾರ, ಸ್ವಲ್ಪ ಓದಿ ಹೇಳ್ರಿ" ಅಂತ ಕಾಚಿಗುಡದ ನಮ್ಮ ಗಲ್ಲಿಯ ಹುಡುಗ ಮೊಬೈಲ್ ಹಿಡಿದು ಬಂದ. ಮದುವೆ ಬ್ಯಾಂಡಿನವನು. ಅವರಪ್ಪ ನನ್ನ ಹಾಗೇ ರಾಯಚೂರು ಕಡೆಯವರು. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲೇ ಇತ್ತಲ್ಲ, ನಮ್ಮ ಹಿರಿಯರಿಗೆ ಪಟ್ಟಣ ಅಂದರೆ ಬೆಂಗಳೂರಲ್ಲ, ಇದೇ.

ಅವರಪ್ಪ ಮೂವತ್ತು ವರ್ಷ ಬರಾತ್‌ಗಳಲ್ಲಿ ದೊಡ್ಡ ಬಾಜಾ ಹೊತ್ತವರು. ಈಗ ಎಡಗೈ ಮೇಲೆತ್ತಲು ಬರುವುದಿಲ್ಲ. ಹಳೆಯ ಬಾಜಾದ ಗುಂಡಿಗಳಲ್ಲೂ ಗಾಳಿ ಸೋರುತ್ತದೆ. ಹೊಸದು ಯಾವುದು ತಗೊಳ್ಳೋದು? ಇದು ಹುಡುಗನ ಪ್ರಶ್ನೆ.

ನೀವೂ ನೋಡಿರ್ತೀರಿ... ಮೈಗೆ ಹೆಬ್ಬಾವಿನಂತೆ ಸುತ್ತಿದ ಕೊಳವೆ, ತಲೆಯ ಮೇಲೆ ಕೊಡೆಯಷ್ಟು ಅಗಲದ ಬಾಯಿ. ಅದರ ಹೆಸರು ಸೂಸಫೋನ್, ಟ್ಯೂಬಾದ ಸಂಬಂಧಿ. ಟ್ಯೂಬಾಕ್ಕೆ ವೀಪ್ರೆಕ್ಟ್ ಮತ್ತು ಮೋರಿಟ್ಜ್ ಬರ್ಲಿನ್‌ನಲ್ಲಿ ಪೇಟೆಂಟ್ ಪಡೆದದ್ದು 1835ರಲ್ಲಿ. ವೀಪ್ರೆಕ್ಟ್ ಪ್ರಷ್ಯಾದ ಸೇನಾ ಬ್ಯಾಂಡ್‌ಗಳ ಮನುಷ್ಯ. ನಡೆಯುತ್ತ ನುಡಿಸಲು ಸುಲಭವಾಗಲೆಂದು 1890ರ ದಶಕದಲ್ಲಿ ಅಮೆರಿಕದ ಬ್ಯಾಂಡ್ ಮಾಸ್ಟರ್ ಸೂಸಾನ ಹೆಸರಿನ ಈ ಬಾಜಾ ಬಂತು. ನಮ್ಮ ದೇಶಕ್ಕೆ ಹಿತ್ತಾಳೆ ಬ್ಯಾಂಡು ಬಂದದ್ದೂ ದಂಡಿನ ಜೊತೆಗೇ. ಸಿಕಂದರಾಬಾದ್ ಹುಟ್ಟಿದ್ದೇ 1806ರಲ್ಲಿ, ಬ್ರಿಟಿಷರ ದಂಡಿನಿಂದ. ಈಗ ಮದುವೆ ಬ್ಯಾಂಡಿನ ಬಾಜಾಗಳಿಗೆ ಮೀರತ್‌ನ ಜಲೀ ಕೋಠಿ ಹೆಸರುವಾಸಿ.

ಮೊದಲು ಶ್ರುತಿ. ಟ್ಯೂಬಾಗಳು ಬಿ ಫ್ಲ್ಯಾಟ್, ಸಿ, ಇ ಫ್ಲ್ಯಾಟ್, ಎಫ್ ಹೀಗೆ ನಾಲ್ಕು ಶ್ರುತಿಗಳಲ್ಲಿ ಸಿಗುತ್ತವೆ. ಬಿ ಫ್ಲ್ಯಾಟಿನ ಕೊಳವೆ ಬಿಚ್ಚಿದರೆ ಸುಮಾರು 18 ಅಡಿ, ಇ ಫ್ಲ್ಯಾಟಿನದು 13. ಚಿಕ್ಕದು ಹಗುರ ನಿಜ, ಆದರೆ ಇವನ ಬ್ಯಾಂಡಿನ ಟ್ರಂಪೆಟ್‌ಗಳೆಲ್ಲ ಬಿ ಫ್ಲ್ಯಾಟ್. ಟ್ರಂಪೆಟ್ಟಿನ ಕೊಳವೆ ನಾಲ್ಕೂವರೆ ಅಡಿ, ಅದರ ನಾಲ್ಕು ಪಟ್ಟು 18. ಅಂದರೆ ಅದೇ ಬೆರಳು, ಅದೇ ಹಾಡು, ಎರಡು ಸ್ಥಾಯಿ ಕೆಳಗೆ. ಓದಿ ನುಡಿಸದೆ ಕೇಳಿ ಕಲಿತವನಿಗೆ ಇದು ದೊಡ್ಡ ಅನುಕೂಲ. ಹೀಗಾಗಿ ಬಿ ಫ್ಲ್ಯಾಟೇ ಸರಿ ಅಂದೆ.

ಜಗಳ ಶುರುವಾದದ್ದು ಬಾಯಿಯ ವಿಷಯಕ್ಕೆ! ಮಾಮೂಲಿ ಹಿತ್ತಾಳೆಯಲ್ಲಿ ತಾಮ್ರ 70, ಸತು 30. ತಾಮ್ರ 85ಕ್ಕೇರಿದರೆ ಬಣ್ಣ ಕೆಂಪಾಗುತ್ತದೆ, ನಾದ ಮೃದುವಾಗುತ್ತದೆ ಅನ್ನುತ್ತಾರೆ. ಬೆಳ್ಳಿಯ ಲೇಪ ಹೆಚ್ಚಾಗಿ ಅಂದಕ್ಕೆ. 1960ರ ದಶಕದಿಂದ ಫೈಬರ್‌ನದೂ ಇದೆ. ಹಿತ್ತಾಳೆಯದು 12 ಕಿಲೋ ಮೀರಿದರೆ, ಫೈಬರ್‌ನದು ಅದಕ್ಕಿಂತ 3-4 ಕಿಲೋ ಹಗುರ. ನಾದ ಮಾತ್ರ ಸ್ವಲ್ಪ ಒಣ.

"ಹಿತ್ತಾಳಿ ಮಿಂಚಬೇಕ್ರಿ. ಪ್ಲಾಸ್ಟಿಕ್ ಹೊತ್ಕೊಂಡು ಹೋದ್ರ ಮದುವಿ ಮನಿಯವರು ನಗತಾರ" ಅಂದರು ಅವರಪ್ಪ. ಹುಡುಗ ಮಾತಾಡಲಿಲ್ಲ, ಅಪ್ಪನ ಎಡಗೈ ನೋಡಿದ. ಜನರೇಟರ್, ಪಟಾಕಿ, ಢೋಲಿನ ನಡುವೆ ಬೀದಿಯಲ್ಲಿ ಆ ನಾದದ ವ್ಯತ್ಯಾಸ ಯಾರಿಗೆ ಕೇಳೀತು? ನಾನು ಫೈಬರ್ ಅಂದೆ.

ಹುಡುಗ ಅದನ್ನೇ ತಂದ. ಬಿಳೀ ಬಣ್ಣದ್ದು. ಅವರಪ್ಪ ಉಗುರಿನಿಂದ ಒಮ್ಮೆ ಬಡಿದು ನೋಡಿ, ಸುಮ್ಮನೆ ಒಳಗೆ ಹೋದರು. ಒಂದು ವಾರ ನನ್ನ ಜೊತೆ ಮಾತಿಲ್ಲ.

ಹಳೆಯದನ್ನು ಗುಜರಿಗೆ ಹಾಕಲು ಅವರು ಒಪ್ಪಲಿಲ್ಲ. ಅವರ ಒಂದೇ ಕೋಣೆಯಲ್ಲಿ ಎರಡಕ್ಕೂ ಜಾಗವಿಲ್ಲ. ಕೊನೆಗೆ ಅವರೇ ಬಂದು, "ನಿಮ್ಮ ಮನ್ಯಾಗ ಇಡ್ತೀರೇನ್ರಿ?" ಅಂದರು. ಈಗ ನಮ್ಮ ಅಟ್ಟದ ಮೇಲಿದೆ. ಹಬ್ಬ ಬಂದರೆ ಹುಣಸೆಹಣ್ಣು ತಂದು ಉಜ್ಜಿ ಹೋಗುತ್ತಾರೆ, ಬಲಗೈಯಿಂದ.