ಗುಂಡಿನ ತೂಕ ಮತ್ತು ಎಲುಬಿನ ಆಳ: ಕಾಕನಕೋಟೆ ಸೀಮೆಯ ದೊಡ್ಡ ಬೇಟೆಯ ತೋಟಾಗಳು

ಹೆಗ್ಗಡದೇವನಕೋಟೆಯ ಕಾಕನಕೋಟೆ, ಹುಣಸೂರಿನ ವೀರನಹೊಸಹಳ್ಳಿ, ಪಿರಿಯಾಪಟ್ಟಣದ ಆನೆಚೌಕೂರುಗಳ ಕಾಡಿನಲ್ಲಿ ಆನೆ, ಕಾಟಿಗಳಿಗೆ ಎಂಥ ಕೋವಿ ತಕ್ಕದ್ದು? ಹತ್ತೊಂಬತ್ತನೆಯ ಶತಮಾನದ ಉತ್ತರ, ದೊಡ್ಡ ನಳಿಗೆ. ಮೈಸೂರು ಸಂಸ್ಥಾನದಲ್ಲಿ ಖೆಡ್ಡಾ ನಡೆಸಿದ ಜಿ.ಪಿ. ಸ್ಯಾಂಡರ್ಸನ್ 1878ರ ತಮ್ಮ ಗ್ರಂಥದಲ್ಲಿ 4 ಬೋರ್, 8 ಬೋರ್ ಕೋವಿಗಳ ಪರವಾಗಿ ವಾದಿಸಿದರು. ಒಂದು ಪೌಂಡು ಸೀಸದಲ್ಲಿ ಎರೆಯಬಹುದಾದ ಉಂಡೆಗಳ ಸಂಖ್ಯೆಯೇ ಬೋರ್. 4 ಬೋರಿನ ಉಂಡೆಗೆ 113 ಗ್ರಾಂ ತೂಕ. ಆದರೆ ಆ ತೂಕ ಎಷ್ಟು ಕಿರಿದಾದ ಮುಖದ ಹಿಂದೆ ಕೂಡಿದೆ, ಎಲುಬಿಗೆ ತಾಗಿದ ಮೇಲೂ ಗುಂಡಿನ ಆಕಾರ ಉಳಿಯುತ್ತದೆಯೇ ಎಂಬುದರ ಮೇಲೆಯೇ ಈಡಿನ ಫಲ ನಿಂತಿದೆಯೆಂದು ನನ್ನ ವಾದ. ಆನೆಯ ತಲೆಬುರುಡೆಯನ್ನು ಸೀಳಿ ನೋಡಿದರೆ ಇದು ಸ್ಪಷ್ಟ: ಹಣೆಯ ಎಲುಬಿನ ಹಿಂದೆ ಜೇನುಹುಟ್ಟಿನಂತೆ ಗಾಳಿಗೂಡುಗಳು, ಅವೆಲ್ಲ ದಾಟಿದ ಮೇಲೆ ಹಿಂದೆ, ತಗ್ಗಿನಲ್ಲಿ, ಮೆದುಳು. ಮೆದು ಸೀಸ ಅಷ್ಟು ದೂರ ಹೋಗುವ ಮೊದಲೇ ಚಪ್ಪಟೆಯಾಗುತ್ತದೆ. ತವರ ಬೆರೆಸಿ ಗಟ್ಟಿ ಮಾಡುತ್ತಿದ್ದುದು ಅದಕ್ಕೇ.

ಲೆಕ್ಕ ಹಾಕಿದರೆ 4 ಬೋರ್ ಉಂಡೆ ತನ್ನ ಮುಖದ ಒಂದು ಚದರ ಸೆಂಟಿಮೀಟರಿಗೆ ಹೊರುವುದು ಸುಮಾರು 20 ಗ್ರಾಂ. 1898ರಲ್ಲಿ ಬಂದ .450 ನೈಟ್ರೋ ಎಕ್ಸ್‌ಪ್ರೆಸ್ಸಿನ ಗುಂಡಿಗೆ ಇರುವುದೇ 31 ಗ್ರಾಂ. ಆದರೂ ಅದು ಚದರ ಸೆಂಟಿಮೀಟರಿಗೆ 29 ಗ್ರಾಂ ಹೊರುತ್ತದೆ, ಸೆಕೆಂಡಿಗೆ 655 ಮೀಟರ್ ವೇಗ ಬೇರೆ. ಬೇಟೆಗಾರ ಕೆನೆತ್ ಆಂಡರ್ಸನ್ ಬಳಸುತ್ತಿದ್ದ .405 ವಿಂಚೆಸ್ಟರಿಗೆ ಈ ಹೊರೆ 23 ಗ್ರಾಂ ಆಸುಪಾಸು: ಹುಲಿಗೆ ಧಾರಾಳ, ಆನೆಗೆ ಕಡಿಮೆ. 1907ರಲ್ಲಿ ಬ್ರಿಟಿಷ್ ಸರ್ಕಾರ, ಸೇನೆಯ ಮಾರ್ಟಿನಿ-ಹೆನ್ರಿ ಕೋವಿಗಳು ಬಂಡಾಯಗಾರರ ಕೈಸೇರಿದರೆ ಅವಕ್ಕೆ ಗುಂಡು ಸಿಗಬಾರದೆಂದು, .450 ಅಳತೆಯನ್ನು ಭಾರತದಲ್ಲಿ ನಿಷೇಧಿಸಿತು. ತಯಾರಕರು .465, .470 ತಂದರು. ನಳಿಗೆಯ ಅಳತೆ ಬದಲಾಯಿತು. ಗುಂಡಿನ ತೂಕಕ್ಕೂ ದಪ್ಪಕ್ಕೂ ಇದ್ದ ಪ್ರಮಾಣವನ್ನು ಅವರು ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಂಡರು.

ಆಫ್ರಿಕಾದಲ್ಲಿ ಡಬ್ಲ್ಯು.ಡಿ.ಎಂ. ಬೆಲ್ ಬರೀ 7 ಮಿ.ಮೀ. ರೈಫಲಿನಿಂದ ನೂರಾರು ಆನೆಗಳನ್ನು ಹೊಡೆದರಲ್ಲ ಎಂಬ ಆಕ್ಷೇಪ ಉಂಟು. ಆ ಸಣ್ಣ ಗುಂಡೂ ಚದರ ಸೆಂಟಿಮೀಟರಿಗೆ 27 ಗ್ರಾಂ ಹೊರುತ್ತಿತ್ತು, ಹೊದಿಕೆಯೂ ಗಟ್ಟಿ. ಹಾಗಾಗಿ ಬೆಲ್ ನನ್ನ ವಾದಕ್ಕೆ ಬಲವೇ ಕೊಡುತ್ತಾರೆ. ಆದರೆ ಅವರ ಗುರಿ ಮೆದುಳು, ಬುರುಡೆಯ ರಚನೆ ಅವರಿಗೆ ಕರಗತ. ಕಾಕನಕೋಟೆಯ ಬಿದಿರುಮೆಳೆಯಲ್ಲಿ ಹತ್ತು ಮಾರು ದೂರದಿಂದ ನುಗ್ಗುವ ಕಾಟಿಯ ಹೆಗಲೆಲುಬು ಮುರಿಯಲೇಬೇಕು. ಅಲ್ಲಿ ಗಾಯದ ಅಗಲಕ್ಕೂ ಬೆಲೆಯಿದೆ. ದಪ್ಪಕ್ಕೆ ಎರಡನೆಯ ಸ್ಥಾನವನ್ನಾದರೂ ಕೊಡಲೇಬೇಕು.

1972ರ ವನ್ಯಜೀವಿ ಕಾಯ್ದೆಯ ನಂತರ ಈ ಚರ್ಚೆ ಯಾಕೆಂದು ಕೇಳಬಹುದು. ಸತ್ತ ಆನೆಯ ಮೈಯಲ್ಲಿ ಸಿಕ್ಕ ಲೋಹದ ಚೂರನ್ನು ಪರೀಕ್ಷಿಸುವ ಪಶುವೈದ್ಯರಿಗೆ ಇದೇ ಲೆಕ್ಕ ಬೇಕು. ಕೇಪಿನ ಕೋವಿಯ 8 ಮಿ.ಮೀ. ಸೀಸದ ಚರೆ ಚದರ ಸೆಂಟಿಮೀಟರಿಗೆ ಹೊರುವುದು 6 ಗ್ರಾಂ ಮಾತ್ರ. ಅದು ಮಾಂಸದಲ್ಲೇ ನಿಲ್ಲುತ್ತದೆ, ಕೀವು ಕಟ್ಟುತ್ತದೆ. ಪ್ರಾಣಿ ಅದನ್ನು ಹೊತ್ತು ದಿನಗಟ್ಟಲೆ ನಡೆಯುತ್ತದೆ.