ತಲೆಯ ಮೇಲೆ ಪುಸ್ತಕದ ಗಂಟು

ಎಳೆಯರಿಗಾಗಿ ವಿಜ್ಞಾನ ಕಾದಂಬರಿ ಬರೆದು, ಕೈಯಿಂದ ಹಣ ಹಾಕಿ ಅಚ್ಚು ಮಾಡಿಸುವ ಲೇಖಕ ಬೈಲಹೊಂಗಲದವನಿರಲಿ, ರಾಮದುರ್ಗದವನಿರಲಿ, ಎದುರಿಸುವ ಪ್ರಶ್ನೆ ಒಂದೇ: ಓದುಗ ಎಲ್ಲಿದ್ದಾನೆ? ಶತಮಾನದ ಹಿಂದೆ ಇದೇ ಪ್ರಶ್ನೆಗೆ ಕಾಲ್ನಡಿಗೆಯಲ್ಲೇ ಉತ್ತರ ಹುಡುಕಿದವರು ಗಳಗನಾಥರು.

ವೆಂಕಟೇಶ ತಿರಕೋ ಕುಲಕರ್ಣಿ ಅವರ ನಿಜನಾಮ. 1869ರಲ್ಲಿ ಹಾವೇರಿ ಸೀಮೆಯ ಗಳಗನಾಥದಲ್ಲಿ ಜನಿಸಿದ ಅವರು ವೃತ್ತಿಯಿಂದ ಶಾಲಾ ಮಾಸ್ತರರು. ಅಂದಿನ ಮುಂಬಯಿ ಪ್ರಾಂತ್ಯದಲ್ಲಿದ್ದ ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಮರಾಠಿಯದೇ ಪ್ರಭಾವ. ಅಕ್ಷರ ಬಲ್ಲ ಅನೇಕ ಕನ್ನಡಿಗರು ಕಥೆ ಓದಬೇಕೆಂದರೆ ಮರಾಠಿ ಪುಸ್ತಕ ಹಿಡಿಯುತ್ತಿದ್ದರು. ಗಳಗನಾಥರು ಮರಾಠಿಯನ್ನು ಹಳಿಯುತ್ತ ಕೂಡಲಿಲ್ಲ; ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನೇ ಕನ್ನಡಕ್ಕೆ ತಂದರು, ಸ್ವತಂತ್ರವಾಗಿಯೂ ಬರೆದರು. ವಿಜಯನಗರದ ಸ್ಥಾಪನೆಯ ಕಥೆಯುಳ್ಳ ‘ಮಾಧವ ಕರುಣಾ ವಿಲಾಸ’ 1923ರಲ್ಲಿ ಬಂತು.

ಮಾರಾಟಕ್ಕೆ ಅವರು ಹಿಡಿದದ್ದು ಎರಡು ದಾರಿ. 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಒಂದು. ಚಂದಾ ಕಟ್ಟಿದವರ ಮನೆಗೆ ಕಥೆ ಅಂಚೆಯಲ್ಲಿ ಬರುತ್ತಿತ್ತು. ಇನ್ನೊಂದು ದಾರಿ ಕಠಿಣವಾದದ್ದು: ಪುಸ್ತಕದ ಗಂಟು ತಲೆಯ ಮೇಲೆ ಹೊತ್ತು ಊರೂರು ತಿರುಗುವುದು.

ಹಣ ಕೂಡಲಿಲ್ಲ, ಓದುಗರು ಕೂಡಿದರು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿ ಮನೋಹರ ಗ್ರಂಥಮಾಲೆ ಆರಂಭಿಸಿ ಚಂದಾದಾರರನ್ನು ಕರೆದಾಗ, ಕನ್ನಡ ಕಾದಂಬರಿಗೆ ದುಡ್ಡು ಕೊಡುವ ರೂಢಿ ಈ ನೆಲದಲ್ಲಿ ಆಗಲೇ ಬೇರೂರಿತ್ತು. 1942ರಲ್ಲಿ ತೀರಿಕೊಂಡ ಗಳಗನಾಥರು ಬಿಟ್ಟುಹೋದ ಆಸ್ತಿ ಅದೇ.