ವಿಟ್ಬಿ ತೀರದ ಹಡಗು ದುರಂತಗಳು: ಒಂದು ಬೆಂಡಿನ ಅಂಗಿಯ ಕಥೆ

ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ, ಎಸ್ಕ್ ನದಿ ಉತ್ತರ ಸಮುದ್ರವನ್ನು ಸೇರುವಲ್ಲಿ ವಿಟ್ಬಿ ಎಂಬ ಊರಿದೆ. ಇಂದು ಅದೊಂದು ವಿಹಾರಧಾಮ. ಪೂರ್ವದ ದಿಬ್ಬದ ಮೇಲೆ ಪಾಳುಬಿದ್ದ ಮಠ, ಪಶ್ಚಿಮದ ದಿಬ್ಬದ ಮೇಲೆ ಹೋಟೆಲುಗಳ ಸಾಲು, ಕೆಳಗೆ ಮರಳ ದಂಡೆ. ಕ್ಯಾಪ್ಟನ್ ಜೇಮ್ಸ್ ಕುಕ್ ಪೆಸಿಫಿಕ್ ಸಾಗರಕ್ಕೆ ಕೊಂಡೊಯ್ದ 'ಎಂಡೆವರ್' ಹಡಗನ್ನು ಕಟ್ಟಿದ್ದು ಇಲ್ಲೇ. 1885ರ ಅಕ್ಟೋಬರಿನಲ್ಲಿ 'ದ್ಮಿತ್ರಿ' ಎಂಬ ರಷ್ಯಾದ ಹಾಯಿಹಡಗು ಬಿರುಗಾಳಿಗೆ ಸಿಕ್ಕಿ ಇಲ್ಲಿನ ಮರಳಿಗೆ ಬಂದು ಬಿತ್ತು. ಐದು ವರ್ಷಗಳ ನಂತರ ರಜೆ ಕಳೆಯಲು ಬಂದ ಲೇಖಕ ಬ್ರಾಮ್ ಸ್ಟೋಕರ್ ಆ ಸುದ್ದಿ ಕೇಳಿ, 1897ರಲ್ಲಿ ಪ್ರಕಟವಾದ 'ಡ್ರಾಕುಲಾ' ಕಾದಂಬರಿಯಲ್ಲಿ ಅದನ್ನು ಬಳಸಿಕೊಂಡ.

ಕಾದಂಬರಿಯ ಹಡಗು ಎಲ್ಲರಿಗೂ ಗೊತ್ತು. ಅದೇ ತೀರದಲ್ಲಿ ಒಡೆದ ನಿಜವಾದ ಹಡಗುಗಳ ಕಥೆ ಅಷ್ಟಾಗಿ ಗೊತ್ತಿಲ್ಲ. ಭೌತವಿಜ್ಞಾನ ಕಲಿಯುವ, ಕಲಿಸುವ ನಮಗೆ ಅದರಲ್ಲಿ ಒಂದು ಪಾಠವಿದೆ.

ಹಡಗುಗಳು ಇಲ್ಲೇ ಏಕೆ ಒಡೆಯುತ್ತಿದ್ದವು?

ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ ನಗರಕ್ಕೆ ಬೇಕಾದ ಕಲ್ಲಿದ್ದಲು ಉತ್ತರದ ಟೈನ್ ನದಿಯ ಬಂದರುಗಳಿಂದ ಹಾಯಿಹಡಗುಗಳಲ್ಲಿ ಬರುತ್ತಿತ್ತು. ಇವೆಲ್ಲ ವಿಟ್ಬಿಯ ಮುಂದೆಯೇ ಸಾಗಬೇಕು. ಇಲ್ಲಿನ ದಡದಲ್ಲಿ ಜೇಡಿಶಿಲೆಯ ಹಾಸುಬಂಡೆಗಳು ಸಮುದ್ರದೊಳಕ್ಕೆ ಚಾಚಿಕೊಂಡಿವೆ. ಬಂದರಿನ ಬಾಯಿ ಉತ್ತರಕ್ಕೆ ತೆರೆದಿರುವುದರಿಂದ ಉತ್ತರದ ಬಿರುಗಾಳಿ ಎಬ್ಬಿಸಿದ ಅಲೆಗಳು ನೇರ ಬಾಯಿಗೇ ನುಗ್ಗುತ್ತವೆ.

ಬಿರುಗಾಳಿ ಈಶಾನ್ಯದಿಂದ, ಅಂದರೆ ಸಮುದ್ರದಿಂದ ದಡದ ಕಡೆಗೆ ಬೀಸುತ್ತಿದೆ ಎಂದುಕೊಳ್ಳಿ. ಹಾಯಿಹಡಗು ಗಾಳಿಗೆ ನೇರ ಎದುರಾಗಿ ಸಾಗಲಾರದು. ಚೌಕಹಾಯಿಯ ಹಡಗಿನ ಮೂತಿ ಗಾಳಿ ಬರುವ ದಿಕ್ಕಿನಿಂದ ಕನಿಷ್ಠ 67.5 ಡಿಗ್ರಿಯಷ್ಟು ಓರೆಯಾಗಿರಬೇಕು. ಬಿರುಗಾಳಿಯಲ್ಲಿ ಹಡಗು ಪಕ್ಕಕ್ಕೂ ಜಾರುತ್ತದೆ. ಈ ಜಾರುವಿಕೆ 22.5 ಡಿಗ್ರಿ ಎಂದಿಟ್ಟುಕೊಂಡರೆ ಒಟ್ಟು ಕೋನ 90 ಡಿಗ್ರಿ. 90 ಡಿಗ್ರಿಯ ಕೊಸೈನ್ ಸೊನ್ನೆಯಲ್ಲವೆ? ನಾವಿಕ ಎಷ್ಟೇ ನಿಪುಣನಾದರೂ ಹಡಗು ಗಾಳಿಯ ಎದುರಿಗೆ ಒಂದು ಮೀಟರೂ ಸಾಗದು. ಜಾರುವಿಕೆ ಇನ್ನಷ್ಟು ಹೆಚ್ಚಿದರೆ ಅದು ನಿಧಾನವಾಗಿ ಬಂಡೆಗಳತ್ತ ಸರಿಯುತ್ತದೆ.

1861ರ ಫೆಬ್ರವರಿ 9

ಆ ದಿನ ಬಿರುಗಾಳಿಗೆ ಸಿಕ್ಕಿದ ಹಡಗುಗಳು ಒಂದರ ಹಿಂದೊಂದು ವಿಟ್ಬಿಯ ತೀರಕ್ಕೆ ಬಂದು ಬಿದ್ದವು. ಊರಿನ ಹದಿಮೂರು ಮಂದಿ ಬೆಸ್ತರು ಹುಟ್ಟು ಹಾಕುವ ಜೀವರಕ್ಷಕ ದೋಣಿಯಲ್ಲಿ ಐದು ಸಲ ಹೋಗಿ ನಾವಿಕರನ್ನು ದಡಕ್ಕೆ ತಂದರು. ಆರನೆಯ ಸಲ, ದಣಿದ ತೋಳುಗಳಲ್ಲೇ ಮತ್ತೆ ಹೊರಟರು. ಎರಡು ದೊಡ್ಡ ಅಲೆಗಳು ದೋಣಿಯ ಬಳಿ ಒಂದಕ್ಕೊಂದು ಬಡಿದವು. ಎರಡು ಅಲೆಗಳ ಉಬ್ಬುಗಳು ಕೂಡಿದಾಗ ಎತ್ತರಗಳು ಕೂಡುತ್ತವೆ ಎಂಬ ಅಧ್ಯಾರೋಪಣ ತತ್ತ್ವವನ್ನು ನಾವು ತರಗತಿಯಲ್ಲಿ ಹಗ್ಗ ಅಲ್ಲಾಡಿಸಿ ತೋರಿಸುತ್ತೇವೆ. ಅಲ್ಲಿ ಅದು ದೋಣಿಯನ್ನೇ ಮಗುಚಿಹಾಕಿತು. ದಡದಲ್ಲಿ ನಿಂತ ಜನರ ಕಣ್ಣೆದುರೇ ಹನ್ನೆರಡು ಮಂದಿ ಸತ್ತರು.

ಉಳಿದವನು ಒಬ್ಬನೇ, ಹೆನ್ರಿ ಫ್ರೀಮನ್. ಜೀವರಕ್ಷಕ ದೋಣಿಯಲ್ಲಿ ಅದು ಅವನ ಮೊದಲ ದಿನ. ಹೊಸ ಮಾದರಿಯ ಕಾರ್ಕ್ ಅಂಗಿ ತೊಟ್ಟಿದ್ದವನೂ ಅವನೊಬ್ಬನೇ. ಬ್ರಿಟನ್ನಿನ ಜೀವರಕ್ಷಕ ದೋಣಿಗಳ ಸಂಸ್ಥೆಯ ಕ್ಯಾಪ್ಟನ್ ವಾರ್ಡ್ 1854ರಲ್ಲೇ ಈ ಅಂಗಿಯನ್ನು ರೂಪಿಸಿದ್ದ. ಕ್ಯಾನ್ವಾಸ್ ಬಟ್ಟೆಗೆ ಕಾರ್ಕಿನ ಕಿರುಪಟ್ಟಿಗಳನ್ನು ಹೊಲಿದಿದ್ದರಿಂದ ತೊಟ್ಟವನು ತೋಳಾಡಿಸಿ ಹುಟ್ಟು ಹಾಕಬಹುದಿತ್ತು.

ಬೆಂಡಿನ ಲೆಕ್ಕ

ಈಗ ನೀವೇ ಲೆಕ್ಕ ಮಾಡಿ ನೋಡಿ. ಮನುಷ್ಯದೇಹದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ. ಹಾಗಾಗಿ ಇಡೀ ದೇಹ ಮುಳುಗಿದ್ದರೆ ತೇಲುವುದು ಕಷ್ಟವಲ್ಲ. ಆದರೆ ಉಸಿರಾಡಲು ತಲೆ ನೀರಿನ ಮೇಲಿರಬೇಕು. ತಲೆಯ ಗಾತ್ರ ಸುಮಾರು 4.5 ಲೀಟರ್. ಅಷ್ಟು ಭಾಗ ನೀರನ್ನು ಪಲ್ಲಟಿಸುವುದಿಲ್ಲವಾದ್ದರಿಂದ 4ರಿಂದ 5 ಕಿಲೋಗ್ರಾಂ ತೂಕದಷ್ಟು ತೇಲುಬಲ ಕೊರೆಯಾಗುತ್ತದೆ. ಅಲೆಗಳ ನಡುವೆ ಭುಜವೂ ಮೇಲಿರಲೆಂದು ಇದನ್ನು 10 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ.

ಸಮುದ್ರದ ನೀರಿನ ಸಾಂದ್ರತೆ ಘನಮೀಟರಿಗೆ 1025 ಕಿಲೋಗ್ರಾಂ, ಕಾರ್ಕಿನದು ಸುಮಾರು 240. ವ್ಯತ್ಯಾಸ 785. ಎಂದರೆ ಪ್ರತಿ ಲೀಟರ್ ಕಾರ್ಕ್ 0.785 ಕಿಲೋಗ್ರಾಂ ಭಾರವನ್ನು ಎತ್ತಿಹಿಡಿಯುತ್ತದೆ. ಹತ್ತು ಕಿಲೋಗ್ರಾಮಿಗೆ ಸುಮಾರು 13 ಲೀಟರ್ ಕಾರ್ಕ್ ಸಾಕು. ಅದರ ತೂಕ ಕೇವಲ 3 ಕಿಲೋಗ್ರಾಂ! ಆರ್ಕಿಮಿಡೀಸನ ತತ್ತ್ವಕ್ಕೆ ಆಗಲೇ ಎರಡು ಸಾವಿರ ವರ್ಷಕ್ಕೂ ಹೆಚ್ಚು ವಯಸ್ಸಾಗಿತ್ತು.

ಈಜು ಬಲ್ಲವನಿಗೆ ಇದೇಕೆ ಬೇಕು ಎಂದು ವಿದ್ಯಾರ್ಥಿಗಳು ಕೇಳಬಹುದು. ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ ಸುಮಾರು 24 ಪಟ್ಟು ಹೆಚ್ಚು. ಚಳಿಗಾಲದ ಉತ್ತರ ಸಮುದ್ರದಲ್ಲಿ ಕೆಲವೇ ನಿಮಿಷಗಳಲ್ಲಿ ಕೈಕಾಲು ಮರಗಟ್ಟಿ ಈಜುವ ಶಕ್ತಿಯೇ ಹೋಗುತ್ತದೆ. ಆಗ ಶ್ರಮವಿಲ್ಲದೆ ತೇಲಿಸುವುದು ಮೈಮೇಲಿನ ಬೆಂಡು ಮಾತ್ರ.

ಫ್ರೀಮನ್ ಮುಂದೆ ನಲವತ್ತು ವರ್ಷ ಈ ಕೆಲಸ ಮಾಡಿ 300ಕ್ಕೂ ಹೆಚ್ಚು ಜೀವ ಉಳಿಸಲು ನೆರವಾದ. 1881ರ ಜನವರಿಯಲ್ಲಿ 'ವಿಸಿಟರ್' ಎಂಬ ಹಡಗು ಪಕ್ಕದ ರಾಬಿನ್ ಹುಡ್ಸ್ ಬೇ ಕೊಲ್ಲಿಯಲ್ಲಿ ಒಡೆದಾಗ, ದೋಣಿಯನ್ನು ಸಮುದ್ರದಲ್ಲಿ ಒಯ್ಯಲಾಗದೆ 18 ಕುದುರೆಗಳನ್ನು ಕಟ್ಟಿ, 200 ಜನ ಹಿಮ ಸರಿಸಿ, ನೆಲದ ಮೇಲೆ ಆರು ಮೈಲಿ ಎಳೆದೊಯ್ದರು. ಎರಡನೆಯ ಯತ್ನದಲ್ಲಿ ನಾವಿಕರು ಬದುಕಿದರು.

ಜಿಗಣೆಯಿಂದ ಟೆಲಿಗ್ರಾಫಿನವರೆಗೆ

ಬಿರುಗಾಳಿ ಬರುವುದು ಮೊದಲೇ ತಿಳಿದರೆ ಹಡಗುಗಳು ಬಂದರು ಬಿಡುವುದೇ ಇಲ್ಲ. ವಿಟ್ಬಿಯ ವೈದ್ಯ ಜಾರ್ಜ್ ಮೆರಿವೆದರ್ ಇದಕ್ಕೊಂದು ವಿಚಿತ್ರ ಯಂತ್ರ ಮಾಡಿದ. ಹನ್ನೆರಡು ಸೀಸೆಗಳು, ಒಂದೊಂದರಲ್ಲೂ ಒಂದು ಜಿಗಣೆ. ಬಿರುಗಾಳಿಗೆ ಮುನ್ನ ಜಿಗಣೆ ಮೇಲೇರಿ ಒಂದು ಕಿರುಚೂರನ್ನು ಸರಿಸಿದರೆ ಗಂಟೆ ಬಾರಿಸುತ್ತಿತ್ತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಇದನ್ನು ಇಟ್ಟಿದ್ದರು. ನಗು ಬಂದರೂ ಆತನ ಪ್ರಶ್ನೆ ಸರಿಯಾದುದೇ. ಆದರೆ ಒಂದೇ ಊರಿನ ಜಿಗಣೆಗೆ ಆ ಊರಿನ ಹವೆಯಷ್ಟೇ ತಿಳಿದೀತು.

ಉತ್ತರ ದೊರೆತದ್ದು ಹಲವು ಊರುಗಳ ವಾಯುಭಾರಮಾಪಕಗಳನ್ನು ಟೆಲಿಗ್ರಾಫ್ ತಂತಿಯಿಂದ ಜೋಡಿಸಿದಾಗ. 1859ರ ಅಕ್ಟೋಬರಿನಲ್ಲಿ ವೇಲ್ಸ್ ತೀರದಲ್ಲಿ 'ರಾಯಲ್ ಚಾರ್ಟರ್' ಹಡಗು ಒಡೆದು ಸುಮಾರು 450 ಜನ ಸತ್ತರು. ಡಾರ್ವಿನ್ ಪಯಣಿಸಿದ 'ಬೀಗಲ್' ಹಡಗಿನ ಕಪ್ತಾನನಾಗಿದ್ದ ರಾಬರ್ಟ್ ಫಿಟ್ಸ್‌ರಾಯ್ ಆಗ ಹವಾಮಾನ ಇಲಾಖೆಯ ಮುಖ್ಯಸ್ಥ. ಆತ ಬಂದರುಗಳಿಗೆ ತಂತಿಯ ಮೂಲಕ ಎಚ್ಚರಿಕೆ ಕಳಿಸಿ, ಕಂಬದ ಮೇಲೆ ಶಂಕು ಮತ್ತು ಪೀಪಾಯಿಯಾಕಾರದ ಸಂಕೇತಗಳನ್ನು ಏರಿಸುವ ವ್ಯವಸ್ಥೆ ಮಾಡಿದ. ಅದು ಆರಂಭವಾದದ್ದು 1861ರ ಫೆಬ್ರವರಿಯಲ್ಲಿ, ಫ್ರೀಮನ್ ಬದುಕುಳಿದ ಅದೇ ತಿಂಗಳಲ್ಲಿ. ಭಾರತದಲ್ಲಿ 1864ರ ಚಂಡಮಾರುತ ಕಲ್ಕತ್ತೆಯನ್ನು ಧ್ವಂಸ ಮಾಡಿದ ಬಳಿಕ, 1865ರಲ್ಲಿ ಆ ಬಂದರಿಗೆ ಇಂಥ ಎಚ್ಚರಿಕೆಯ ಏರ್ಪಾಡು ಬಂತು. ಮಂಗಳೂರು, ಕಾರವಾರ ಬಂದರುಗಳಲ್ಲಿ ಏರಿಸುವ ಬಿರುಗಾಳಿ ಸಂಕೇತಗಳು ಇದೇ ವಂಶದವು.

ರೋಹಿಲ್ಲಾ

ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯ 'ರೋಹಿಲ್ಲಾ' ಉಗಿಹಡಗಿಗೆ ನಮ್ಮ ರೋಹಿಲಖಂಡದ ಜನರ ಹೆಸರು. ಆಸ್ಪತ್ರೆಯ ಹಡಗಾಗಿ ಡನ್‌ಕರ್ಕಿಗೆ ಹೊರಟಿದ್ದ ಅದು 1914ರ ಅಕ್ಟೋಬರ್ 30ರಂದು ವಿಟ್ಬಿಯ ಬಂಡೆಗೆ ಬಡಿಯಿತು. ಯುದ್ಧದ ಕಾರಣ ದಡದ ದೀಪಗಳನ್ನು ಆರಿಸಿದ್ದರು. ಹಡಗಿನಲ್ಲಿದ್ದವರು 229 ಜನ. ದಡ ಕೇವಲ ಅರ್ಧ ಕಿಲೋಮೀಟರ್ ದೂರ. ಊರಿನ ಹುಟ್ಟುದೋಣಿ ಎರಡು ಸಲ ಹೋಗಿ ಐವರು ಮಹಿಳೆಯರೂ ಸೇರಿ 35 ಜನರನ್ನು ತಂದು, ತಾನೇ ಜಖಂಗೊಂಡಿತು. ಮನುಷ್ಯ ಬಹಳ ಹೊತ್ತು ಕೊಡಬಲ್ಲ ಸಾಮರ್ಥ್ಯ ಸುಮಾರು 200 ವಾಟ್. ಹತ್ತು ಜನ ಸೇರಿದರೂ 2 ಕಿಲೋವಾಟ್, ಮೂರು ಅಶ್ವಶಕ್ತಿಗಿಂತ ಕಡಿಮೆ. ಆ ಅಲೆಗಳಿಗೆ ಅದು ಸಾಲದು.

ಕೊನೆಗೆ 70 ಕಿಲೋಮೀಟರಿಗೂ ಹೆಚ್ಚು ದೂರದ ಟೈನ್‌ಮತ್‌ನಿಂದ 'ಹೆನ್ರಿ ವರ್ನನ್' ಎಂಬ ಮೋಟಾರು ದೋಣಿ ಬಂತು. ನವೆಂಬರ್ 1ರಂದು ಅದು ನೀರಿನ ಮೇಲೆ ಎಣ್ಣೆ ಸುರಿದು, ಅಲೆಗಳ ಮುರಿತ ತಗ್ಗಿದಾಗ ಹಡಗಿನ ಪಕ್ಕಕ್ಕೆ ಸರಿದು, ಉಳಿದ 50 ಜನರನ್ನು ಇಳಿಸಿಕೊಂಡಿತು. ಎಣ್ಣೆಯ ತೆಳುಪದರ ಕಿರುತೆರೆಗಳನ್ನು ಅಡಗಿಸಿ ಗಾಳಿಯ ಹಿಡಿತವನ್ನು ಸಡಿಲಿಸುತ್ತದೆ. ಇದನ್ನು ಬೆಂಜಮಿನ್ ಫ್ರಾಂಕ್ಲಿನ್ ಕೊಳದಲ್ಲಿ ಪರೀಕ್ಷಿಸಿ 1774ರಲ್ಲೇ ಬರೆದಿದ್ದ. ಆ ದುರಂತದಲ್ಲಿ ಸುಮಾರು 85 ಜನ ತೀರಿಕೊಂಡರು.

ಪಾಠವೇನು?

ಬೆಂಡು ತೇಲುವುದು, ಎಣ್ಣೆ ಅಲೆಯನ್ನು ತಗ್ಗಿಸುವುದು ಎಲ್ಲ ಮೊದಲೇ ತಿಳಿದಿತ್ತು. ಕಾರ್ಕ್ ಅಂಗಿ ಬಂದು ಏಳು ವರ್ಷಗಳಾಗಿದ್ದರೂ ಹದಿಮೂರು ಮಂದಿಯಲ್ಲಿ ಅದು ಒಬ್ಬನ ಮೈಮೇಲಿತ್ತು. ವಿಜ್ಞಾನ ಗೊತ್ತಿರುವುದು ಬೇರೆ, ಅದನ್ನು ತೊಟ್ಟುಕೊಳ್ಳುವುದು ಬೇರೆ. ನಡುವಿನ ಆ ಏಳು ವರ್ಷಗಳನ್ನು ಕಡಿಮೆ ಮಾಡುವುದೇ ನಮ್ಮ ಕೆಲಸ. ಮುಂದಿನ ಸಲ ಆರ್ಕಿಮಿಡೀಸನ ತತ್ತ್ವವನ್ನು ಪಾಠ ಮಾಡುವಾಗ ಕಿರೀಟದ ಕಥೆಯ ಜೊತೆಗೆ ಈ 13 ಲೀಟರ್ ಬೆಂಡಿನ ಲೆಕ್ಕವನ್ನೂ ಮಾಡಿಸಿ. ದೋಣಿ ಹತ್ತುವಾಗ ನಿಮ್ಮ ವಿದ್ಯಾರ್ಥಿ ಮೂಲೆಯಲ್ಲಿ ನೇತುಹಾಕಿದ ತೇಲುಕವಚವನ್ನು ಕೇಳಿ ತೊಟ್ಟುಕೊಂಡರೆ, ಆ ಪಾಠ ಫಲಿಸಿತೆಂದೇ ಅರ್ಥ.